ಅಂಕಿ ಹೊತ್ತವರು

ಕುಂದಗೋಳದಲ್ಲಿ ನೆಲೆಸಿರುವ ನಿವೃತ್ತ ರೈಲ್ವೆ ನೌಕರರೊಬ್ಬರು ತಮ್ಮ ಟ್ರಂಕಿನ ತಳದಲ್ಲಿ, ಧೋತರಗಳ ಮಡಿಕೆಯ ನಡುವೆ, ಗಟ್ಟಿ ಕಾಗದದ ಕಾರ್ಡೊಂದನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಏಳು ಅಂಗುಲಕ್ಕೆ ತುಸು ಮಿಗಿಲಾದ ಉದ್ದ, ಮೂರಂಗುಲಕ್ಕೆ ತುಸು ಮಿಗಿಲಾದ ಅಗಲ. ನಿಲುವಿನಲ್ಲಿ 80 ಸಾಲು, ಅಡ್ಡಕ್ಕೆ 12 ಸಾಲು. ಅಲ್ಲಲ್ಲಿ ಆಯತಾಕಾರದ ಸಣ್ಣ ತೂತುಗಳು. ಒಂದು ನಿಲುವುಸಾಲಿನಲ್ಲಿ ಒಂದೇ ತೂತಿದ್ದರೆ ಅದು ಅಂಕಿ. ಎರಡಿದ್ದರೆ ಇಂಗ್ಲಿಷಿನ ಅಕ್ಷರ. ಬಲಗಡೆಯ ಅಂಚಿನಲ್ಲಿ ಉಗುರಿಗೆ ತಾಗುವಷ್ಟು ಮಾತ್ರದ ಒಂದು ಕಚ್ಚು ಇದೆ. ಆ ಕಚ್ಚನ್ನು ತೋರಿಸುವಾಗ ಅವರ ಮುಖದಲ್ಲಿ ಮೂಡಿದ ಅಭಿಮಾನವನ್ನು ಕಂಡ ಮೇಲೆಯೇ, ಮಹಾಗಣಕಗಳ, ಎಂದರೆ ಮೇನ್‌ಫ್ರೇಮ್‌ಗಳ, ವಿಚಾರವಾಗಿ ನಮ್ಮ ಜನರಿಗೆ ನಾಲ್ಕು ಮಾತು ತಿಳಿಸಬೇಕೆಂಬ ಸಂಕಲ್ಪ ನನ್ನಲ್ಲಿ ದೃಢವಾಯಿತು.

"ಇದು ಸರಿ ಐತಿ ಅನ್ನೋದಕ್ಕ ಸಾಕ್ಷಿ, ತಮ್ಮಾ" ಎಂದರು ಅವರು. ಕಾಗದದಲ್ಲಿದ್ದ ಲೆಕ್ಕವನ್ನು ಒಬ್ಬ ನೌಕರ ಕೀಲಿಮಣೆಯ ಯಂತ್ರದಲ್ಲಿ ಒತ್ತಿ ಕಾರ್ಡಿನಲ್ಲಿ ತೂತು ಬೀಳಿಸುತ್ತಿದ್ದನು. ಬಳಿಕ ಅದೇ ಕಾರ್ಡು, ಅದೇ ಕಾಗದ ಮತ್ತೊಬ್ಬನ ಮುಂದೆ ಬರುತ್ತಿದ್ದುವು. ಅವನು ಮೊದಲಿನವನ ಕೆಲಸವನ್ನು ಅರಿಯದವನಂತೆ ಮೊದಲಿನಿಂದ ಕೊನೆಯವರೆಗೆ ಮತ್ತೆ ಒತ್ತಬೇಕು. ಇಬ್ಬರ ಬೆರಳೂ ಒಂದೇ ಮಾತು ಹೇಳಿದರೆ ಯಂತ್ರವೇ ಬಲದ ಅಂಚನ್ನು ಕಚ್ಚಿ ಒಪ್ಪಿಗೆ ಕೊಡುತ್ತಿತ್ತು, ಹೇಳದಿದ್ದರೆ ತಪ್ಪಿದ ಸಾಲಿನ ನೆತ್ತಿಯಲ್ಲಿ ಗುರುತು ಮಾಡುತ್ತಿತ್ತು. ನಮ್ಮ ಹಿರಿಯರು ಆ ಎರಡನೆಯವರು. ಹುಬ್ಬಳ್ಳಿ ವಿಭಾಗವು 1966ರ ಅಕ್ಟೋಬರ್ 2ರಂದು ಸ್ಥಾಪಿತವಾದ ದಕ್ಷಿಣ ಮಧ್ಯ ರೈಲ್ವೆಗೆ ಸೇರಿ, ಕಾಗದಪತ್ರವೆಲ್ಲ ಸಿಕಂದರಾಬಾದಿನ ಕಡೆಗೆ ಮುಖ ಮಾಡಿದ ಮೇಲೆ, ಅವರೂ ತರುಣ ವಯಸ್ಸಿನಲ್ಲಿ ಅಲ್ಲಿಗೆ ಹೊರಟುಹೋದರು. ಎರೆಹೊಲದ ಹತ್ತಿ, ಮೆಣಸಿನಕಾಯಿಗಳ ಬದುಕನ್ನು ಅಣ್ಣಂದಿರಿಗೆ ಬಿಟ್ಟು ಬಂದ ಹುಡುಗನಿಗೆ, ಮಾತಾಡದೆ ತೀರ್ಪು ಕೊಡುವ ಆ ಯಂತ್ರದ ನಿಷ್ಪಕ್ಷಪಾತ ಬುದ್ಧಿ ಮೊದಲ ದಿನವೇ ಹಿಡಿಸಿತಂತೆ.

ಈ ಕಾರ್ಡಿನ ಮೂಲವೂ ರೈಲಿನಲ್ಲಿಯೇ ಇದೆಯೆಂಬುದು ಗಮನಾರ್ಹ. ಅಮೆರಿಕದ 1890ರ ಜನಗಣತಿಗಾಗಿ ತೂತುಕಾರ್ಡಿನ ಯಂತ್ರಗಳನ್ನು ನಿರ್ಮಿಸಿದ ಹರ್ಮನ್ ಹೊಲೆರಿತ್ ಎಂಬಾತನು, ರೈಲಿನ ಕಂಡಕ್ಟರನು ಪ್ರಯಾಣಿಕರ ಚಹರೆಯನ್ನು ಟಿಕೆಟ್ಟಿನ ಮೇಲೆ ತೂತುಗಳಿಂದ ಗುರುತಿಸುವುದನ್ನು ಕಂಡು ಈ ಉಪಾಯವನ್ನು ಹೊಳೆಯಿಸಿಕೊಂಡನು. ಅವನ ಸಂಸ್ಥೆ ಇತರ ಸಂಸ್ಥೆಗಳೊಡನೆ ಕೂಡಿ 1924ರಲ್ಲಿ ಐಬಿಎಂ ಎಂಬ ಹೆಸರು ತಾಳಿತು. 1959ರಲ್ಲಿ ಅದು ಪ್ರಕಟಿಸಿದ 1401 ಎಂಬ ಗಣಕವು ಹತ್ತು ಸಾವಿರಕ್ಕೂ ಮಿಕ್ಕಿ ನಿರ್ಮಾಣವಾಗಿ ಲೋಕವನ್ನೆಲ್ಲ ವ್ಯಾಪಿಸಿತು. ನಮ್ಮ ದೇಶದಲ್ಲಿ ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗಳಲ್ಲಿ ಗಣಕಗಳು ಮೊದಲೇ ಕಾಲಿಟ್ಟಿದ್ದುವಾದರೂ, ಸಾಮಾನ್ಯ ನೌಕರನ ಸಂಬಳದ ಚೀಟಿಯವರೆಗೆ ಅದನ್ನು ಇಳಿಸಿದ್ದು 1960ರ ದಶಕದಲ್ಲಿ ರೈಲ್ವೆಯ ವಲಯ ಕಚೇರಿಗಳು ತರಿಸಿಕೊಂಡ ಈ 1401ಗಳೇ. ಐಬಿಎಂ 1978ರಲ್ಲಿ ಭಾರತವನ್ನು ಬಿಟ್ಟಿತು. ಯಂತ್ರಗಳ ಪೋಷಣೆ ಸಿಎಂಸಿ ಎಂಬ ಸರ್ಕಾರೀ ಸಂಸ್ಥೆಯ ಪಾಲಿಗೆ ಬಂದಿತು.

ಹಿರಿಯರ ಮಾತು ನಿಜವಾಗಿ ಕಾವೇರುವುದು ಪ್ರೋಗ್ರಾಮುಗಳ ವಿಚಾರ ಬಂದಾಗ. 1401ರ ಸ್ಮೃತಿಯಲ್ಲಿ ಹೆಚ್ಚೆಂದರೆ 16,000 ಅಕ್ಷರಗಳಿಗೆ ಸ್ಥಳ. ಓದಿದ ಕಾರ್ಡು 1ರಿಂದ 80ರವರೆಗಿನ ಮನೆಗಳಲ್ಲಿ ಬಂದು ಕೂಡುವುದು, ತೂತಾಗಬೇಕಾದುದು 101ರಿಂದ 180ರಲ್ಲಿ, ಅಚ್ಚಾಗಬೇಕಾದುದು 201ರಿಂದ 332ರಲ್ಲಿ. ಇಷ್ಟನ್ನು ಅವರು ಇಂದಿಗೂ ತಡವರಿಸದೆ ಹೇಳುತ್ತಾರೆ. ಇಷ್ಟು ಸಂಕೋಚದ ಸ್ಥಳದಲ್ಲಿ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಮಿಗೆ ವಾಸ. ಸಂಬಳ ಗುಣಿಸುವುದು ಒಂದು, ಪ್ರಾವಿಡೆಂಟ್ ಫಂಡು, ಸೊಸಾಯಿಟಿ ಸಾಲಗಳನ್ನು ಕಳೆಯುವುದು ಮತ್ತೊಂದು, ಪಟ್ಟಿ ಅಚ್ಚುಮಾಡುವುದು ಇನ್ನೊಂದು; ಒಂದು ಬರುವಾಗ ಇನ್ನೊಂದು ಹೋಗಿರುತ್ತಿತ್ತು, ಅವು ಒಂದರ ಮುಖ ಒಂದು ಕಂಡವಲ್ಲ. ಮೊದಲನೆಯದರ ಫಲ ಹೊಸ ಕಾರ್ಡುಗಳಾಗಿ ಹೊರಬಿದ್ದು, ವಿಂಗಡಿಸುವ ಯಂತ್ರದಲ್ಲಿ ಅನುಕ್ರಮ ಪಡೆದು, ಎರಡನೆಯದರ ಬಾಯಿಗೆ ಹೋಗಬೇಕು.

"ಒಂದು ಪ್ರೋಗ್ರಾಮಿನ ಮಾತು ಇನ್ನೊಂದಕ್ಕ ಮುಟ್ಟಸಾವ್ರು ನಾವ ಆಗಿದ್ವಿ. ಟ್ರೇ ಹೊತ್ಕೊಂಡು ಈ ಕಡಿಂದ ಆ ಕಡಿಗೆ. ಮಳಿಗಾಲದಾಗ ಕಾರ್ಡು ಒಂಚೂರು ತಂಪು ಹಿಡದ್ರ ಸಾಕು, ಒಳಗ ಸಿಕ್ಕೊಂತಿತ್ತು."

ಟ್ರೇ ಕೈಜಾರಿದರೆ ಗತಿಯೇನೆಂದು ಕೇಳಿದೆ. ಪ್ರೋಗ್ರಾಮಿನ ಕಾರ್ಡುಗಳನ್ನೆಲ್ಲ ಒಟ್ಟಿಗೆ ಹಿಡಿದು ಮೇಲಂಚಿನ ಮೇಲೆ ಮೂಲೆಯಿಂದ ಮೂಲೆಗೆ ಮಸಿಯಿಂದ ಓರೆಗೆರೆ ಎಳೆದಿಟ್ಟಿರುತ್ತಿದ್ದರು. ಚೆಲ್ಲಾಡಿದವನ್ನು ಆ ಗೆರೆ ಮತ್ತೆ ಕೂಡುವಂತೆ ಜೋಡಿಸಿದರೆ ಕ್ರಮ ತಾನಾಗಿ ಮರಳುತ್ತಿತ್ತು. ಇಂತಹ ಜಾಣ್ಮೆ ಯಾವ ಕೈಪಿಡಿಯಿಂದ ಬಂದುದೋ ಕಾಣೆ. ಕೈಯಿಂದ ಕೈಗೆ ದಾಟಿದುದೆಂದೇ ನನ್ನ ನಂಬಿಕೆ.

1964ರ ಏಪ್ರಿಲ್ 7ರಂದು ಐಬಿಎಂ ಸಿಸ್ಟಮ್ 360 ಎಂಬ ಗಣಕಕುಲವನ್ನು ಸಾರಿತು. ಬರಬರುತ್ತ ಒಂದೇ ಯಂತ್ರದಲ್ಲಿ ಅನೇಕ ಪ್ರೋಗ್ರಾಮುಗಳು ಏಕಕಾಲಕ್ಕೆ ನೆಲೆಸುವಂತಾಗಿ, ಒಂದು ಮತ್ತೊಂದರ ಸ್ಮೃತಿಗೆ ಕೈಹಾಕದಂತೆ ಅವುಗಳ ನಡುವೆ ಕಟ್ಟುನಿಟ್ಟಾದ ಎಲ್ಲೆಗಳು ಏರ್ಪಟ್ಟುವು. ಹಾಗಾದಮೇಲೆ ಅವು ಮಾತಾಡುವುದು ಹೇಗೆ? ಅತ್ಯಂತ ಹಳೆಯ ದಾರಿ ಡಿಸ್ಕಿನಲ್ಲಿ ಕಡತವಿಟ್ಟು ಹೋಗುವುದು. ಹಗೇವಿನಲ್ಲಿ ಜ್ವಾಳ ತುಂಬಿದಾವ ಒಬ್ಬ, ತೆಗಿಯಾವ ಇನ್ನೊಬ್ಬ ಎಂದು ಹಿರಿಯರು ಇದನ್ನು ಒಂದೇ ಮಾತಿನಲ್ಲಿ ತಿಳಿಯಹೇಳಿದರು. 1969ರಲ್ಲಿ ಬಂದ ಸಿಐಸಿಎಸ್ ಎಂಬ ವ್ಯವಸ್ಥೆಯಲ್ಲಿ ಒಂದು ಪ್ರೋಗ್ರಾಮು ಇನ್ನೊಂದನ್ನು ಕರೆದು, ಇಬ್ಬರಿಗೂ ಗೊತ್ತಿರುವ ಒಂದು ತುಂಡು ಸ್ಮೃತಿಯನ್ನು ಅದರ ಕೈಗೆ ಕೊಟ್ಟು, ಉತ್ತರವನ್ನು ಅಲ್ಲಿಯೇ ಬರೆಯಿಸಿಕೊಳ್ಳುವ ಪದ್ಧತಿ ಬೆಳೆಯಿತು. ಕೇಳುವವನು ಆ ಕ್ಷಣ ಎಚ್ಚರವಿಲ್ಲದಿದ್ದರೂ ಸಂದೇಶ ನಾಶವಾಗದೆ ಸರದಿಯಲ್ಲಿ ಕಾದಿರುವ ಎಂಕ್ಯೂಸೀರೀಸ್ ಎಂಬ ಏರ್ಪಾಡನ್ನು ಐಬಿಎಂ 1993ರಲ್ಲಿ ಹೊರತಂದಿತು.

ನಮ್ಮ ಸೀಮೆಗೆ ಇದರ ಫಲ ಮುಟ್ಟಿದುದು ರೈಲಿನ ಕಾಯ್ದಿರಿಸಿದ ಟಿಕೆಟ್ಟಿನ ರೂಪದಲ್ಲಿ. ನವಲಗುಂದ, ಕಲಘಟಗಿ ಪಟ್ಟಣಗಳಿಗೆ ರೈಲುದಾರಿಯೇ ಇಲ್ಲ; ಅಣ್ಣಿಗೇರಿ, ಕುಂದಗೋಳಗಳಿಗೆ ಇದ್ದರೂ, ದೂರದ ಊರಿನಿಂದ ಹಿಂದಿರುಗುವ ಬರ್ತಿಗಾಗಿ ಹುಬ್ಬಳ್ಳಿಯಿಂದ ತಂತಿ ಕಳುಹಿಸಿ ಉತ್ತರ ಕಾಯುತ್ತಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. 1985–86ರಲ್ಲಿ ದಿಲ್ಲಿಯಲ್ಲಿ ಗಣಕದ ಮೂಲಕ ಕಾಯ್ದಿರಿಸುವುದು ಮೊದಲಾಯಿತು. ದಿಲ್ಲಿ, ಮುಂಬಯಿ, ಕಲ್ಕತ್ತ, ಚೆನ್ನೈ, ಸಿಕಂದರಾಬಾದುಗಳ ಐದು ಕೇಂದ್ರಗಳನ್ನು ಒಂದುಗೂಡಿಸಿದ ಕಾನ್ಸರ್ಟ್ ವ್ಯವಸ್ಥೆಯು ಸಿಕಂದರಾಬಾದಿನಲ್ಲಿ ಮೊದಲು ನಡೆದು, 1999ರಲ್ಲಿ ಪೂರ್ಣಗೊಂಡಿತು. ಅದನ್ನು ನಡೆಸಿದ ಡಿಜಿಟಲ್ ಸಂಸ್ಥೆಯ ಯಂತ್ರಗಳು ಕಟ್ಟುನಿಟ್ಟಾಗಿ ಹೇಳಿದರೆ ಮಹಾಗಣಕದ ಕುಲದವಲ್ಲ. ಆದರೆ ಅವುಗಳ ಕರ್ತವ್ಯ ಅದೇ.

ಅಣ್ಣಿಗೇರಿಯ ತಾಯಿಯೊಬ್ಬಳು, ದಿಲ್ಲಿಯ ಮಗನ ಮನೆಯಿಂದ ಹಿಂದಿರುಗುವ ಟಿಕೆಟ್ಟನ್ನು ಹುಬ್ಬಳ್ಳಿಯ ಕಿಟಕಿಯಲ್ಲಿ ಕೇಳಿದಳೆನ್ನಿ. ಆ ಗಾಡಿಯ ಬರ್ತುಗಳ ಲೆಕ್ಕ ದಿಲ್ಲಿಯ ಕೇಂದ್ರದಲ್ಲಿದ್ದರೆ, ಕಿಟಕಿಯ ಪ್ರೋಗ್ರಾಮು ತನ್ನ ಕೇಂದ್ರಕ್ಕೂ, ಆ ಕೇಂದ್ರವು ದಿಲ್ಲಿಗೂ ಬಿನ್ನಹ ಕಳುಹಿಸಬೇಕು. ನಡುದಾರಿಯಲ್ಲಿ ತಂತಿ ತುಂಡಾದರೆ, ಹಣ ಸಂದು ಬರ್ತು ಸಿಗದಂತೆಯೋ ಒಂದೇ ಬರ್ತು ಇಬ್ಬರಿಗೆ ಸಂದಂತೆಯೋ ಆಗಬಾರದು. ವ್ಯವಹಾರ ಪೂರ್ತಿ ಆಗಬೇಕು, ಇಲ್ಲವೇ ಆಗಲೇಬಾರದು. ಈ ಭಾರವನ್ನು ಹೊತ್ತುದು ರಿಲಯಬಲ್ ಟ್ರಾನ್ಸಾಕ್ಷನ್ ರೂಟರ್ ಎಂಬ ಮಧ್ಯವರ್ತಿ ಪ್ರೋಗ್ರಾಮು. ಕಾರ್ಡಿನ ಟ್ರೇ ಹಿಡಿದು ಒಂದು ಎಲೆಯೂ ತಪ್ಪದಂತೆ ನಡೆದ ಮನುಷ್ಯರ ಉದ್ಯೋಗವೇ ಇದು ಎಂದು ನಾನು ಭಾವಿಸುತ್ತೇನೆ.

ಅಮೆರಿಕದ ಮೌಂಟನ್ ವ್ಯೂ ಎಂಬಲ್ಲಿಯ ಗಣಕ ವಸ್ತುಸಂಗ್ರಹಾಲಯದಲ್ಲಿ ನಿವೃತ್ತ ಇಂಜಿನಿಯರುಗಳು ಎರಡು 1401ಗಳನ್ನು ದುರಸ್ತಿ ಮಾಡಿ, ಇಂದಿಗೂ ನಡೆಸಿ ತೋರಿಸುತ್ತಾರೆ. ನಮ್ಮ ಹುಬ್ಬಳ್ಳಿಯಲ್ಲಿಯೂ ನಿಲ್ದಾಣದ ಬಳಿ, ಮಲಪ್ರಭಾ, ಘಟಪ್ರಭಾ ಎಂಬ ಹಳೆಯ ಕುಟೀರಗಳಲ್ಲಿ, 2020ರಲ್ಲಿ ರೈಲು ವಸ್ತುಸಂಗ್ರಹಾಲಯ ತೆರೆಯಿತು. ಎಂಜಿನುಗಳಿಗೆ ಸಲ್ಲುವ ಗೌರವದಲ್ಲಿ ಒಂದು ಪಾಲು ಲೆಕ್ಕದ ಕೋಣೆಗಳಿಗೂ ಸಲ್ಲಲೆಂದು ನನ್ನ ಪ್ರಾರ್ಥನೆ. ಧಾರವಾಡದ ವಿಶ್ವವಿದ್ಯಾಲಯದ ಇತಿಹಾಸ ವಿದ್ಯಾರ್ಥಿಗಳು ಈ ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಿಕೊಂಡರೆ ಅದು ಇನ್ನೂ ಬೇಗ ಆಗಬಹುದಾದ ಕೆಲಸ. ಅವರೊಡನೆ ಸಿಕಂದರಾಬಾದಿನಲ್ಲಿ ಪ್ರೋಗ್ರಾಮು ಬರೆಯುತ್ತಿದ್ದ ಅಣ್ಣಿಗೇರಿಯ ಗೆಳೆಯರು ಹೋದ ವರ್ಷ ತೀರಿಕೊಂಡರು. "ಅಂವಾ ನನಗಿಂತ ಭಾಳ ತಿಳದಾಂವ. ಅವನ್ನ ಕೇಳಬೇಕಿತ್ತು ನೀವು" ಎಂದರು. ಆತ ಕೈಯಾರೆ ಬರೆದಿಟ್ಟಿದ್ದ ವಹಿಗಳನ್ನು, ಮನೆ ಸುಣ್ಣ ಬಳಿಯುವಾಗ, ರದ್ದಿಯವನಿಗೆ ಹಾಕಿದರಂತೆ.