ದುಬಾಯಿಯ ಬಾಡಿಗೆಮನೆಗೆ ಗಂಟುಮೂಟೆ

ಗಲ್ಫ್ ನಾಡಿಗೂ ನಮ್ಮ ಕಾಸರಗೋಡಿಗೂ ಇರುವ ನಂಟು ಹೊಸತಲ್ಲ. ಮಗನೋ ಅಳಿಯನೋ ಅಲ್ಲಿ ದುಡಿಯುತ್ತಿರುವ ಮನೆಗಳು ಊರೂರಿನಲ್ಲಿಯೂ ಉಂಟು. 2018ರಲ್ಲಿ ಕಣ್ಣೂರಿನ ವಿಮಾನ ನಿಲ್ದಾಣ ತೆರೆದ ಮೇಲಂತೂ ಹೋಗಿಬರಲು ಮಂಗಳೂರಿನ ಜೊತೆಗೆ ಇನ್ನೊಂದು ದಾರಿಯಾಯಿತು. ಮಕ್ಕಳ ಬಿಡಾರ ಕಿರಿದಾದಾಗ ದುಬಾಯಿಯಲ್ಲಿ ಒಂದೆರಡು ವಾರಗಳ ಮಟ್ಟಿಗೆ ಸಜ್ಜುಗೊಳಿಸಿದ ಫ್ಲಾಟನ್ನು ಬಾಡಿಗೆಗೆ ಹಿಡಿದು ಹೆತ್ತವರನ್ನು ಕರೆಸಿಕೊಳ್ಳುವವರೂ ಇದ್ದಾರೆ. ಹೋಟೆಲಿನಲ್ಲಾದರೆ ಕರೆದೊಡನೆ ಓಗೊಡುವ ಮಾಣಿ ಇರುತ್ತಾನೆ. ಬಾಡಿಗೆಮನೆಯಲ್ಲಿ ನಾವೇ ಯಜಮಾನರು, ನಾವೇ ಮಾಣಿಗಳು. ಹಾಗಾಗಿ ಗಂಟು ಕಟ್ಟುವ ಮೊದಲು ತುಸು ವಿವೇಚನೆ ಅಗತ್ಯ.

ಏನನ್ನು ಒಯ್ಯಬೇಕು ಎಂಬುದಕ್ಕಿಂತ ಮುಂಚೆ ಏನನ್ನು ಒಯ್ಯಬಾರದು ಎಂಬುದನ್ನು ತಿಳಿದಿರಬೇಕು. ನಮ್ಮ ಪಾಯಸದ ಗಸಗಸೆ ಅಫೀಮಿನ ಗಿಡದ ಬೀಜ. ಆ ದೇಶದಲ್ಲಿ ಅದು ನಿಷಿದ್ಧ. ಒಂದು ಹಿಡಿ ಸಿಕ್ಕಿದರೂ ಸೆರೆವಾಸದ ಭಯ ಉಂಟು. ಮನೆಯಲ್ಲಿ ಕುಟ್ಟಿದ ಮಸಾಲೆಪುಡಿಗೆ ಗಸಗಸೆ ಬಿದ್ದಿದೆಯೇ ಎಂದು ಗೃಹಿಣಿಯರು ನೆನಪಿಸಿಕೊಳ್ಳುವುದು ಒಳಿತು. ವೀಳ್ಯದೆಲೆ, ಅಡಿಕೆಗಳ ತಾಂಬೂಲದ ಸಂಚಿಯೂ ಊರಿನಲ್ಲಿಯೇ ಉಳಿಯಲಿ. ಒಣಕೊಬ್ಬರಿಗೆ ತಡೆ ಇರುವುದು ನಮ್ಮ ನಿಲ್ದಾಣದಲ್ಲಿಯೇ. ಎಣ್ಣೆಯಂಶ ಹೆಚ್ಚಿರುವುದರಿಂದ ಅದು ಬೇಗನೆ ಬೆಂಕಿ ಹಿಡಿಯುವ ವಸ್ತುವೆಂದು ಗಣಿತವಾಗಿದೆ.

ಔಷಧಗಳ ವಿಷಯದಲ್ಲಿಯೂ ಇಂತಹುದೇ ಎಚ್ಚರ ಬೇಕು. ಕೊಡೀನ್ ಬೆರೆತ ಕೆಮ್ಮಿನ ಮದ್ದು, ಟ್ರಮಡಾಲ್ ಎಂಬ ನೋವಿನ ಗುಳಿಗೆ ಮುಂತಾದವುಗಳಿಗೆ ಆ ದೇಶದ ಆರೋಗ್ಯಾಧಿಕಾರಿಗಳ ಪೂರ್ವಾನುಮತಿ ಬೇಕಾಗುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಗುಳಿಗೆಗಳನ್ನು ಡಬ್ಬಿಗೆ ಸುರಿಯದೆ, ಮೂಲ ಪಟ್ಟಿಯಲ್ಲಿಯೇ ಇರಿಸಿ, ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿ ಒಯ್ಯಬೇಕು.

ಇನ್ನು ಅಡುಗೆಮನೆ. ಪಾತ್ರೆ, ತಟ್ಟೆ, ಒಲೆ ಅಲ್ಲಿಯೇ ಇರುತ್ತವೆ. ಆದರೂ ಒಲೆ ಯಾವ ಬಗೆಯದೆಂದು ಮುಂದಾಗಿ ವಿಚಾರಿಸಬೇಕು. ಇಂಡಕ್ಷನ್ ಒಲೆಯಾದರೆ ಅಲ್ಯೂಮಿನಿಯಂ ಕುಕ್ಕರು ಕಾಯದು. ಪಾತ್ರೆಯ ತಳಕ್ಕೆ ಶಾಲಾಬಾಲಕನ ಅಯಸ್ಕಾಂತವೊಂದನ್ನು ಹಿಡಿದು ನೋಡಿರಿ. ಅಂಟಿಕೊಂಡರೆ ಅದು ಅಲ್ಲಿಯೂ ನಡೆಯುತ್ತದೆ. ಅಕ್ಕಿ, ಬೇಳೆ, ತರಕಾರಿಗಳೆಲ್ಲ ಅಲ್ಲಿನ ಅಂಗಡಿಗಳಲ್ಲಿ ದೊರೆಯುವುದರಿಂದ ಮೊದಲ ದಿನಕ್ಕೆ ಸಾಲುವಷ್ಟು ಅವಲಕ್ಕಿ, ಚಹಾಪುಡಿ, ಸಕ್ಕರೆ, ಉಪ್ಪು ಇದ್ದರೆ ಸಾಕು. ಉಪ್ಪಿನಕಾಯಿಯನ್ನು ಭದ್ರವಾಗಿ ಮುಚ್ಚಿ ದೊಡ್ಡ ಪೆಟ್ಟಿಗೆಗೆ ಹಾಕಬೇಕು. ಚಾಕು, ಕತ್ತರಿಗಳ ಜಾಗವೂ ಅಲ್ಲಿಯೇ. ಪವರ್‌ಬ್ಯಾಂಕ್ ಮಾತ್ರ ಕೈಚೀಲದಲ್ಲಿಯೇ ಇರತಕ್ಕದ್ದು.

ವಿದ್ಯುತ್ತಿನ ಒತ್ತಡ ಅಲ್ಲಿಯೂ ಹೆಚ್ಚುಕಡಿಮೆ ನಮ್ಮಲ್ಲಿರುವಷ್ಟೇ. ಆದರೆ ಪ್ಲಗ್ಗಿನ ಕಡ್ಡಿಗಳು ನಮ್ಮವುಗಳಂತೆ ಉರುಟಾಗಿರದೆ ಚಪ್ಪಟೆಯಾಗಿ ಮೂರಿರುತ್ತವೆ. ಆದುದರಿಂದ ಎರಡು ಅಡಾಪ್ಟರುಗಳು ಜೊತೆಗಿರಲಿ. ಬೇಸಗೆಯಲ್ಲಿ ಹೊರಗೆ 40 ಡಿಗ್ರಿ ಮೀರಿದ ಬಿಸಿಲಿದ್ದರೆ ಒಳಗೆಲ್ಲ ಹವಾನಿಯಂತ್ರಣದ ಚಳಿ. ಹತ್ತಿಯ ಉಡುಪಿನೊಡನೆ ಹಿರಿಯರಿಗೆ ಒಂದು ಶಾಲು ಅವಶ್ಯ. ಬಾಲ್ಕನಿಯಲ್ಲಿ ಬಟ್ಟೆ ಒಣಗಹಾಕುವುದಕ್ಕೆ ಅಲ್ಲಿ ದಂಡ ಉಂಟು. ಸ್ನಾನದ ಮನೆಯೊಳಗೆ ಕಟ್ಟಲು ನಾಲ್ಕು ಮಾರು ಹಗ್ಗ ಒಯ್ದರೆ ಆ ತೊಂದರೆ ತಪ್ಪುತ್ತದೆ.

ಕೊನೆಯದಾಗಿ ಕಾಗದಪತ್ರ. ಪಾಸ್‌ಪೋರ್ಟಿಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಅದರ ಪ್ರತಿ ಬೇರೆ ಚೀಲದಲ್ಲಿರಲಿ. ಫೋನು ಆರಿಹೋದರೂ ದಾರಿ ತಪ್ಪದಂತೆ ಕಟ್ಟಡದ ಹೆಸರು, ಮನೆಯ ಸಂಖ್ಯೆ, ಮಾಲಿಕರ ದೂರವಾಣಿಗಳನ್ನು ಬರೆದ ಚೀಟಿ ಪ್ರತಿಯೊಬ್ಬರ ಜೇಬಿನಲ್ಲಿಯೂ ಇರಲಿ. ಮನೆ ಹೊಕ್ಕೊಡನೆ ಒಡೆದ ಗಾಜು, ಕಲೆಬಿದ್ದ ಸೋಫಾಗಳ ಚಿತ್ರ ತೆಗೆದು ಮಾಲಿಕರಿಗೆ ಕಳುಹಿಸಿದರೆ, ಮುಂಗಡ ಹಣ ಮರಳಿ ಪಡೆಯುವಾಗ ವಾದಕ್ಕೆ ಎಡೆಯಿರದು.