ಟೆಂಟ್ ಕಟ್ಟುವ ಮುನ್ನ: ನಂಬಿಕೆ ಎಷ್ಟು, ನಿಜ ಎಷ್ಟು?

ಬೇಸಿಗೆ ರಜೆ ಬಂತೆಂದರೆ ಭಟ್ಕಳ, ಹೊನ್ನಾವರ, ಕುಮಟಾದ ಮನೆಗಳಲ್ಲಿ ಮಕ್ಕಳದ್ದು ಒಂದೇ ಹಟ: ಕಾಡಿನಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಮಲಗಬೇಕು. ದೊಡ್ಡವರಿಗೆ ಹುಲಿ, ಚಿರತೆಯ ಚಿಂತೆ. ನಿಜವಾಗಿ ತೊಂದರೆ ತರುವುದು ಹುಲಿಗಿಂತ ಹೆಚ್ಚಾಗಿ ಅವರಿವರಿಂದ ಕೇಳಿ ನಂಬಿಕೊಂಡ ಮಾತುಗಳು.

ನಂಬಿಕೆ: ಗೇರುಸೊಪ್ಪೆ ಘಾಟಿಯ ಕಾಡೇ ನಮ್ಮ ನ್ಯಾಷನಲ್ ಪಾರ್ಕ್.
ಸತ್ಯ: ಈ ಮೂರು ತಾಲ್ಲೂಕುಗಳಲ್ಲಿ ರಾಷ್ಟ್ರೀಯ ಉದ್ಯಾನವೇ ಇಲ್ಲ. ಉತ್ತರ ಕನ್ನಡಕ್ಕೆ ಇರುವುದು ಜೋಯಿಡಾ ತಾಲ್ಲೂಕಿನ ಅಣಶಿ ಒಂದೇ. ಅದೀಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಗೇರುಸೊಪ್ಪೆಯ ಮೇಲಿನ ಕಾಡು 2019ರಲ್ಲಿ ಘೋಷಣೆಯಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದೆ. ಅಘನಾಶಿನಿ ಕಣಿವೆಯಲ್ಲಿ 2011ರಲ್ಲಿ ಸಿಂಗಳೀಕಕ್ಕೆಂದೇ ಘೋಷಿಸಿದ್ದ ಸುಮಾರು 300 ಚದರ ಕಿ.ಮೀ. ಸಂರಕ್ಷಿತ ಮೀಸಲೂ 2019ರಲ್ಲಿ ಇದೇ ಅಭಯಾರಣ್ಯದಲ್ಲಿ ವಿಲೀನವಾಯಿತು.

ನಂಬಿಕೆ: ಸರ್ಕಾರಿ ಕಾಡು, ಕೇಳುವವರು ಯಾರು?
ಸತ್ಯ: ಪರವಾನಗಿಯಿಲ್ಲದೆ ಅಭಯಾರಣ್ಯದೊಳಗೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಯಾಣಕ್ಕೋ ಅಪ್ಸರಕೊಂಡಕ್ಕೋ ಹಗಲಲ್ಲಿ ಹೋಗಿಬರಬಹುದು ಎಂದ ಮಾತ್ರಕ್ಕೆ ರಾತ್ರಿ ಉಳಿಯಲು ಒಪ್ಪಿಗೆ ಸಿಕ್ಕಂತಲ್ಲ. ಆ ಕಾಡು ಯಾವ ವಲಯಕ್ಕೆ ಸೇರುತ್ತದೋ ಆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ನಂಬಿಕೆ: ಬೆಂಕಿ ಹಾಕಿಕೊಂಡು ಕೂತರೆ ಭಯವಿಲ್ಲ.
ಸತ್ಯ: ಫೆಬ್ರವರಿ ಕಳೆದ ಮೇಲೆ ಕಾಡಿನ ನೆಲದ ತುಂಬ ಒಣ ದರಕು. ಬೂದಿಯಡಿ ಉಳಿದ ಒಂದು ಕೆಂಡ ಗಾಳಿಗೆ ಮತ್ತೆ ಹೊತ್ತಿಕೊಳ್ಳಲು ಅಷ್ಟೇ ಸಾಕು. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ಕಾನೂನೂ ನಿಷೇಧಿಸಿದೆ. ಬೆಳಕಿಗೆ ಟಾರ್ಚ್ ಇರಲಿ, ಊಟ ಮನೆಯಿಂದಲೇ ಬರಲಿ.

ನಂಬಿಕೆ: ಮಳೆಯಿಲ್ಲದಾಗ ಹೊಳೆ ಏರುವುದಿಲ್ಲ.
ಸತ್ಯ: ಶರಾವತಿಗೆ ಈ ಲೆಕ್ಕ ಹೊಂದುವುದಿಲ್ಲ. ಗೇರುಸೊಪ್ಪೆ ಅಣೆಕಟ್ಟೆಯಲ್ಲಿ ವಿದ್ಯುತ್ ಉತ್ಪಾದನೆ ಶುರುವಾದರೆ ಸುಡುಬೇಸಿಗೆಯಲ್ಲೂ ಕೆಳಗೆ ನೀರು ಹೆಚ್ಚುತ್ತದೆ. ಹೊಳೆಯ ನಡುವಿನ ಬಂಡೆ, ಮರಳದಿಬ್ಬ ಮಕ್ಕಳನ್ನು ಆಡಲು ಬಿಡುವ ಜಾಗವಲ್ಲ.

ನಂಬಿಕೆ: ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಕು, ಗಾಯ ಕೊಯ್ದು ರಕ್ತ ಹರಿಸಬೇಕು.
ಸತ್ಯ: ಬಿಗಿದರೆ ಕೈಕಾಲಿಗೇ ಕುತ್ತು, ಕೊಯ್ದರೆ ರಕ್ತಸ್ರಾವ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು ಆಸ್ಪತ್ರೆಗೆ ಓಡುವುದೊಂದೇ ದಾರಿ. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುವುದುಂಟು, ನೋವೂ ಅಷ್ಟಾಗಿ ಗೊತ್ತಾಗುವುದಿಲ್ಲ. ಟೆಂಟಿನ ಜಿಪ್ ಪೂರ್ತಿ ಎಳೆದಿದೆಯೇ ಎಂದು ಮಲಗುವ ಮುಂಚೆ ನೋಡಿಕೊಳ್ಳಿ.

ನಂಬಿಕೆ: ಉಂಬಳ ಅಪಾಯಕಾರಿ, ಉಣುಗಿನಿಂದ ಏನೂ ಆಗದು, ಮಂಗನ ಕಾಯಿಲೆ ಬರುವುದು ಮಂಗನಿಂದ.
ಸತ್ಯ: ಮೂರೂ ತಲೆಕೆಳಗು. ಉಂಬಳ ಕಚ್ಚಿದ ಜಾಗದಲ್ಲಿ ರಕ್ತ ನಿಲ್ಲದಿರುವುದು ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುವುದರಿಂದ, ಅದು ವಿಷವಲ್ಲ. ಮಂಗನ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗಕ್ಕೆ ಹೊನ್ನಾವರ, ಸಿದ್ದಾಪುರದ ಕಡೆಯೂ ಜನ ತುತ್ತಾಗಿದ್ದಾರೆ. ಮುಸ್ಯ, ಮಂಗಗಳೂ ಇದೇ ರೋಗಕ್ಕೆ ಬಲಿಯಾಗುತ್ತವೆ. ಸತ್ತ ಮಂಗನ ಮೈಯಿಂದ ಉದುರಿದ ಉಣುಗು ಸುತ್ತಲಿನ ದರಕಿನಲ್ಲಿ ಸೇರಿಕೊಳ್ಳುತ್ತದೆ, ಆದ್ದರಿಂದ ಅಂಥ ಜಾಗದ ಹತ್ತಿರ ಸುಳಿಯದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಬೇಕು. ರೋಗಿಯಿಂದ ಇನ್ನೊಬ್ಬರಿಗೆ ಇದು ಅಂಟುವುದಿಲ್ಲ.

ಹೆಚ್ಚಾಗಿ ರೋಗ ತಗಲಿಸುವುದು ಮರಿ ಉಣುಗು. ರಾಗಿ ಕಾಳಿನಷ್ಟೂ ಇರದ ಅದು ಕಾಲುಚೀಲದ ಅಂಚಿನಲ್ಲೋ ಮೊಣಕಾಲಿನ ಹಿಂದೋ ಕೂತರೆ ಕಣ್ಣಿಗೆ ಬೀಳುವುದೇ ಕಷ್ಟ. ಇದರ ಕಾಟ ಡಿಸೆಂಬರಿನಿಂದ ಮೇ ತನಕ, ಅಂದರೆ ನಾವು ಕಾಡಿಗೆ ಹೊರಡುವ ಕಾಲದಲ್ಲೇ. ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಹೇಳಿಕೊಟ್ಟಂತೆ ಹಚ್ಚಿಕೊಳ್ಳಿ. ಮೈಗೆ ಕಚ್ಚಿದ ಉಣುಗನ್ನು ಬೀಡಿಯಿಂದ ಸುಡಬೇಡಿ, ಸೀಮೆಎಣ್ಣೆ ಸುರಿಯಬೇಡಿ. ಚರ್ಮಕ್ಕೆ ತಾಗಿಸಿ ಚಿಮುಟದಿಂದ ಹಿಡಿದು ನೇರಕ್ಕೆ ಎಳೆಯಿರಿ.

ವಾಪಸು ಬಂದು ಎರಡು ವಾರದೊಳಗೆ ಯಾರಿಗಾದರೂ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಸುಮ್ಮನಿರಬೇಡಿ. ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ. ಯಾವ ರಕ್ತಪರೀಕ್ಷೆ ಬರೆಯಬೇಕೆಂದು ಅವರಿಗೆ ಹೊಳೆಯುವುದು ಆಗಲೇ.