ಪಡಸಾಲೆಯ ಗಂವ್‌ಗುಡುವಿಕೆಗೆ ಕೌದಿಯ ಮದ್ದು

ಬಾಡಗಂಡಿಯ ಕಡೆಯಿಂದ ಶಾಲಾ ಪ್ರವಾಸ ಹೊರಟರೆ ವಿಜಯಪುರದ ಗೋಳಗುಮ್ಮಟ ತಪ್ಪುವುದಿಲ್ಲ. ಅಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಹಲವು ಸಲ ಮರಳುತ್ತದೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಹೋಗಿಬರಲು 76 ಮೀಟರ್. ಸೆಕೆಂಡಿಗೆ 340 ಮೀಟರ್ ಓಡುವ ಶಬ್ದಕ್ಕೆ ಅದು 0.22 ಸೆಕೆಂಡಿನ ದಾರಿ. ಅಂತರ 0.1 ಸೆಕೆಂಡಿಗಿಂತ ಹೆಚ್ಚಾದರೆ ಕಿವಿ ಎರಡನ್ನೂ ಬೇರೆಯಾಗಿ ಗುರುತಿಸುತ್ತದೆ. ಇಂಥ ಪಿಸುಗುಟ್ಟುವ ಗುಮ್ಮಟಗಳ ಬಗ್ಗೆ ಸರ್ ಸಿ.ವಿ. ರಾಮನ್ ಕೂಡ 1920ರ ದಶಕದ ಆರಂಭದಲ್ಲಿ ಸಂಶೋಧನೆ ನಡೆಸಿದ್ದರು.

ನಮ್ಮ ಪಡಸಾಲೆಯಲ್ಲಿ ಗೋಡೆಗಳು ಹತ್ತಿರ. ಮರಳಿದ ಸದ್ದು ಮೂಲಕ್ಕೇ ಅಂಟಿಕೊಂಡು ಗಂವ್ ಎನ್ನುತ್ತದೆ. ಇದು ಅನುರಣನ. ಜೋಳದ ಚೀಲ, ಹಾಸಿಗೆ ತುಂಬಿದ ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಇದರ ಕಾಟ ಕಡಿಮೆ. ಆರ್.ಸಿ.ಸಿ. ಮನೆ, ನುಣುಪಾದ ಟೈಲ್ಸ್ ಬಂದ ಮೇಲೆ ಮಾತು ಕಲಸತೊಡಗಿತು. ಸ್ಪೀಕರ್ ಸರಿಯಿಲ್ಲವೆಂದು ಇನ್ನೂ ದೊಡ್ಡದನ್ನು ತರುವವರಿದ್ದಾರೆ, ದುಡ್ಡು ದಂಡ!

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಸುಮಾರು 5.5 ಸೆಕೆಂಡು ಉಳಿಯುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ ತರುಣ ಅಧ್ಯಾಪಕ ವಾಲೇಸ್ ಸೇಬಿನ್‌ನ ಪಾಲಿಗೆ ಬಂತು. ಆತ ನೆರೆಯ ರಂಗಮಂದಿರದ ಆಸನದ ದಿಂಬುಗಳನ್ನು ಹೊತ್ತು ತಂದು, ಸದ್ದು ಅಡಗುವ ಹೊತ್ತನ್ನು ಅಳೆದ. ತೆರೆದ ಕಿಟಕಿ ತನ್ನ ಮೇಲೆ ಬಿದ್ದ ಶಬ್ದವನ್ನೆಲ್ಲ ಹೊರಗೆ ಬಿಡುವುದರಿಂದ ಅದನ್ನೇ ಅಳತೆಗೋಲು ಮಾಡಿಕೊಂಡ.

ಲೆಕ್ಕ ಮಾಡಿ ನೋಡೋಣ. 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಬರಿಯ ಕೋಣೆಯ ಗಾತ್ರ 1800 ಘನ ಅಡಿ. ಒಳಮೈ 900 ಚದರ ಅಡಿ. ಸಿಮೆಂಟು ನೂರಕ್ಕೆ 2ರಷ್ಟು ಹೀರಿದರೆ ಒಟ್ಟು 18. ಗಾತ್ರವನ್ನು 0.049ರಿಂದ ಗುಣಿಸಿ 18ರಿಂದ ಭಾಗಿಸಿದರೆ 4.9 ಸೆಕೆಂಡು. 12 ಚದರ ಅಡಿಯ ಕಿಟಕಿ ತೆರೆದರೆ ಸುಮಾರು 3ಕ್ಕೆ ಇಳಿಯುತ್ತದೆ. 8 ಅಡಿಗೆ 6 ಅಡಿಯ ಎರಡು ಕೌದಿ ನೇತುಹಾಕಿ, ಅವು ನೂರಕ್ಕೆ 30 ಹೀರುತ್ತವೆಂದು ಹಿಡಿದರೆ ಒಂದೂವರೆ ಸೆಕೆಂಡು! ಮಂದಿ, ಮಂಚ, ಅರಿವೆ ಇದ್ದರೆ ಇನ್ನೂ ಕಡಿಮೆ.

ಇನ್ನು ಸ್ಪೀಕರ್. ಮೂಲೆಗೆ ಒತ್ತಿ ಇಟ್ಟರೆ ಗೋಡೆಗಳು ತಗ್ಗು ಸ್ವರವನ್ನು ಹಿಗ್ಗಿಸಿ ತಬಲಾದ ಡಗ್ಗಾ ಗಾಯಕನನ್ನೇ ನುಂಗುತ್ತದೆ. ಗೋಡೆಯಿಂದ ಎರಡು ಮೂರು ಅಡಿ ಮುಂದೆ, ಕುಳಿತವರ ಕಿವಿಯ ಎತ್ತರಕ್ಕೆ ಇಡಿ. ಎರಡು ಸ್ಪೀಕರ್ ಮತ್ತು ಕೇಳುವವರು ಸಮಬಾಹು ತ್ರಿಕೋನದ ಮೂರು ಶೃಂಗಗಳಾಗಲಿ. ಕಪಾಟಿನ ತಲೆ ಅದಕ್ಕೆ ತಕ್ಕ ಜಾಗವಲ್ಲ.

ಹಾಡಿನದಕ್ಕಿಂತ ಪಾಠದ ಮಾತು ದೊಡ್ಡದು. ಗಂವ್‌ಗುಡುವ ಕೋಣೆಯಲ್ಲಿ ಸ್ವರಗಳ ಬಾಲ ವ್ಯಂಜನಗಳನ್ನು ಮುಚ್ಚುತ್ತದೆ. ‘ಕಪ್ಪ’, ‘ತಪ್ಪ’ ಒಂದೇ ಆಗಿ ಕೇಳುತ್ತವೆ. ಹಿಂದಿನ ಸಾಲಿನ ಹುಡುಗ ತಪ್ಪು ಬರೆದರೆ ದಡ್ಡನೆನ್ನುವ ಮೊದಲು ಗೋಡೆಯನ್ನೂ ನೋಡಬೇಕು. ಪಾಲಕರೇ, ಇಂಥ ಇಪ್ಪತ್ತು ಶಬ್ದಗಳನ್ನು ಬೆನ್ನು ತಿರುಗಿಸಿ ಕುಳಿತ ಮಗುವಿಗೆ ಓದಿ ಬರೆಸಿ. ಕೌದಿ ಕಟ್ಟಿ, ಶಬ್ದಗಳ ಸಾಲು ಬದಲಿಸಿ, ಅಷ್ಟೇ ದೂರದಿಂದ ಮತ್ತೆ ಓದಿ. ಎರಡೂ ಸಲದ ತಪ್ಪುಗಳನ್ನು ಮಗುವೇ ಎಣಿಸಲಿ.